ಹಿಂಡು ಕೂಡಿಸಿದ್ದು

ಹಾಲಿನ ಸಂಘಕ್ಕೆ ಐವತ್ತು ತುಂಬಿತಂತೆ,
ಗೋಡೆಗೊಂದು ಪಟ ಬೇಕಂತೆ, ಎಂಟಡಿ ಉದ್ದ:
ಘಟ್ಟದ ಮೇಲಿಂದ ಕೋಣ ಹೊಡೆದುಕೊಂಡು ಬರುತ್ತಿದ್ದ ಕಾಲದ್ದು.
‘ಹಳೇ ಫೋಟೋ ಯಾವುದಾದರೂ?’ ಎಂದೆ.
‘ಇದ್ದಿದ್ದರೆ ನಿಮ್ಮ ಮೆಟ್ಟಿಲು ಯಾಕೆ ಹತ್ತುತ್ತಿದ್ದೆ?’ ಎಂದರು
ಕಾರ್ಯದರ್ಶಿ ಮಥಾಯಸರು, ಮುಂಗಡ ಎಣಿಸುತ್ತ.

ಆಗ ಕೋಣ ಕಂಡವರ ಕೈಯಲ್ಲಿ ಕ್ಯಾಮೆರಾ ಇರಲಿಲ್ಲ.
ಕ್ಯಾಮೆರಾ ಇದ್ದವರು ಮದುವೆಮನೆಯಲ್ಲಿದ್ದರು.

ಹಾಗಾಗಿ ಹಿರಿಯಡ್ಕದ ಪೇಟೆಯಲ್ಲಿ,
ಮೆಡಿಕಲ್ ಶಾಪಿನ ಮಾಳಿಗೆಯಲ್ಲಿ ಕೂತು
ಹಿಂಡು ಕಟ್ಟತೊಡಗಿದೆ.
ಪೆರ್ಡೂರಿನ ಕೊಟ್ಟಿಗೆಯಿಂದ ಎರಡು,
ಬೈಲಿನ ಕೆಸರಲ್ಲಿ ಮಲಗಿದ್ದೊಂದು, ಎಬ್ಬಿಸಲಿಕ್ಕೇ ಅರ್ಧ ದಿನ,
ಬೊಮ್ಮರಬೆಟ್ಟಿನ ಕಿವಿ ಹರಿದ ಮುದುಕ ನಾಲ್ಕನೆಯದು.
ಕಂಬಳದ ಜೋಡಿ ಬೇಡವೆಂದೆ. ಅವುಗಳ ಮೈಗೆ ಎಣ್ಣೆ ಜಾಸ್ತಿ,
ಮುಖದಲ್ಲಿ ಗೆದ್ದ ಕಳೆ. ಇವು ಮಾರಾಟಕ್ಕೆ ನಡೆಯುವವು.
ನಾಲ್ಕನ್ನು ಇಪ್ಪತ್ತು ಮಾಡುವುದು ನನ್ನ ಕಸುಬು:
ಒಂದನ್ನು ಮಗುಚಿ, ಒಂದರ ಕೊಂಬು ಇನ್ನೊಂದಕ್ಕಿಟ್ಟು,
ಅತ್ತ ಬೀಸಿದ ಬಾಲವನ್ನು ಇತ್ತ ಬೀಸಿಸಿ.

ರಸ್ತೆ ಹೆಬ್ರಿ ಕಡೆಯದ್ದು. ಡಾಮರು ಸುಲಿದು
ನಮ್ಮ ಗುಡ್ಡೆಯ ಕೆಂಪು ಮಣ್ಣು ಹಾಸಿದೆ.
ಕರೆಂಟು ಕಂಬ ಹನ್ನೊಂದು ಕಿತ್ತೆ. ಟವರಿನ ಮೇಲೆ
ಒಂದು ಹಲಸಿನ ಮರ ನೆಟ್ಟೆ.
ಧೂಳು ಮಾತ್ರ ಎಲ್ಲೂ ಸಿಗಲಿಲ್ಲ, ಆಟಿಯ ಮಳೆ ಹಿಡಿದಿತ್ತು;
ಕರಿ ಕೊಡೆ ಬಿಡಿಸಿಟ್ಟು, ಎದುರು ಮಗುವಿನ ಪೌಡರು ಊದಿ,
ಕೆಮ್ಮಿ, ಮತ್ತೆ ಊದಿ, ಅದಕ್ಕೆ ಮಣ್ಣಿನ ಬಣ್ಣ ಕೊಟ್ಟೆ.
ಗೊರಸಿನಡಿಯಿಂದ ಏಳುವ ಧೂಳಿಗೆ
ಮೂಗಿಟ್ಟರೆ ತೊಟ್ಟಿಲ ವಾಸನೆ.

ಕೋಣ ಹೊಡೆಯುವವನು ನನ್ನ ತಮ್ಮ ಗಣರಾಜ:
ತಾರಸಿ ಮೇಲೆ ಬೈರಾಸ ಸುತ್ತಿ, ಮುಟ್ಟಾಳೆ ಇಟ್ಟು,
ಪಿವಿಸಿ ಪೈಪು ಎತ್ತಿ ನಿಂತ.
ಪೈಪನ್ನು ಬೆತ್ತ ಮಾಡಿದೆ, ಮಣಿಕಟ್ಟಿನ ವಾಚಿನ ಗುರುತು ಒರೆಸಿದೆ,
ಹಿಂಡಿನ ಮುಂದೆ ನಿಲ್ಲಿಸಿದೆ, ಎದೆ ಸೆಟೆಸಿ, ಬಿಸಿಲಿಗೆ ಮುಖ ಮಾಡಿ.

ದೂಮಣ್ಣನನ್ನು ಕರೆಸಿದ್ದು ಆಮೇಲೆ.
ಎಂಬತ್ತಾರು. ಸೋಮೇಶ್ವರದ ಘಟ್ಟ ಇಳಿದು ಇಲ್ಲಿಯವರೆಗೆ
ಹದಿನಾಲ್ಕು ವರ್ಷ ನಡೆದವ, ಸೊಂಟಕ್ಕೆ ಹುರುಳಿ ಕಟ್ಟಿಕೊಂಡು.
ಕನ್ನಡಕ ಮರೆತು ಬಂದಿದ್ದ. ಪರದೆಗೆ ಮೂಗು ತಾಗುವಷ್ಟು ಬಗ್ಗಿದ.
ಬಹಳ ಹೊತ್ತು ಎಂತದ್ದೂ ಹೇಳಲಿಲ್ಲ.

‘ಈ ಕಿವಿ ಹರಿದದ್ದು ಐದು ಸಲ ಉಂಟಲ್ಲ ಮಾರಾಯ್ತಿ.
ಎಡದ ಕಿವಿ ಬಲಕ್ಕೆ ಬಂದರೆ ನನಗೆ ಗೊತ್ತಾಗುದಿಲ್ವಾ?’
ಇನ್ನೊಂದಕ್ಕೆ ಬೆರಳಿಟ್ಟ. ‘ಇದರ ನೆರಳು ಬೆಳಗ್ಗಿನದ್ದು,
ಹತ್ತಿರದ್ದರದ್ದು ಸಂಜೆಯದ್ದು. ಒಟ್ಟಿಗೆ ಹೇಗೆ ನಡೀತವೆ?’
ಆಮೇಲೆ ಗಣರಾಜನನ್ನು ನೋಡಿ ನಕ್ಕ, ಹಲ್ಲಿಲ್ಲದ ಬಾಯಿ ತುಂಬ:
‘ಇವ ಯಾರು, ಧಣಿಯಾ? ಇವ ಮುಂದೆ ಹೋದರೆ
ಹಿಂದಿನದ್ದು ಯಾರ ಗದ್ದೆಗೆ ನುಗ್ಗಿತು ಅಂತ ನೋಡುದು ಯಾರು?
ನಾವು ಹಿಂದೆ. ಯಾವತ್ತೂ ಹಿಂದೆ.
ಪ್ರಾಯದಲ್ಲಿ ನಾನು ಕಂಡ ಲೋಕ ಎಂತದ್ದು?
ಕೋಣಗಳ ಕುಂಡೆ.’

ಗಣರಾಜನನ್ನು ಹಿಂದಕ್ಕೆಳೆದೆ. ಧೂಳು ಅವನನ್ನು ನುಂಗಿ
ಮುಟ್ಟಾಳೆಯ ಅಂಚೊಂದನ್ನು ಬಿಟ್ಟಿತು.
‘ಹಾಂ,’ ಎಂದ ದೂಮಣ್ಣ, ‘ಅದು ನಾನು.’

ಎದ್ದವನು ಬಾಗಿಲಲ್ಲಿ ನಿಂತ.
‘ಇಪ್ಪತ್ತು ಹೊರಟು ಇಪ್ಪತ್ತೂ ಮುಟ್ಟಿದ್ದು ಕಡಿಮೆ.
ಒಂದು ವರ್ಷ ಸೀತಾನದಿಯ ಆಚೆ ಬದಿ ಒಂಟಿ ಕೊಂಬಿನದ್ದೊಂದು
ಕೂತಿತು. ಏಳಲಿಲ್ಲ. ನಾವು ನಡೆದೆವು.
ಸಾಹುಕಾರರು ಕೂಲಿಯಲ್ಲಿ ಹಿಡಿದುಕೊಂಡರು.’
ಅಷ್ಟೇ. ಒಂದೊಂದು ಮೆಟ್ಟಿಲಿಗೂ ಗೋಡೆ ಹಿಡಿದು ಇಳಿದ.

ರಾತ್ರಿ ಒಂದು ಕೋಣದ ಪದರ ತೆಗೆದುಬಿಟ್ಟೆ.
ನೆರಳು ಬೇರೆಯೇ ಪದರದಲ್ಲಿತ್ತು, ಉಳಿಯಿತು,
ಕೆಂಪು ಮಣ್ಣಿನ ಮೇಲೆ, ಯಾರದ್ದೂ ಅಲ್ಲದೆ.
ಅಳಿಸಲು ಹೋದವಳು
ಒಂದು ಕೊಂಬು ಮಾತ್ರ ಅಳಿಸಿದೆ.

‘ಹತ್ತೊಂಬತ್ತೇ ಉಂಟಲ್ಲ?’ ಎಂದರು ಮಥಾಯಸರು.
ಬಿಲ್ಲಿನಲ್ಲಿ ಇನ್ನೂರು ಇಳಿಸಿದೆ.

ಪಟ ಈಗ ಹಾಲು ಅಳೆಯುವ ಮೇಜಿನ ಮೇಲ್ಗಡೆ ಉಂಟು.
ಬೆಳಗ್ಗೆ ಆರಕ್ಕೆ ಕ್ಯಾನು ಹಿಡಿದು ಸಾಲು ನಿಂತವರು
ತಲೆ ಎತ್ತುತ್ತಾರೆ, ಹೌದು,
ಪಟದ ಪಕ್ಕದ ಗಡಿಯಾರಕ್ಕೆ;
ಆಮೇಲೆ ಕೇಳುತ್ತಾರೆ, ಇವತ್ತು ಫ್ಯಾಟು ಎಷ್ಟು ಬಂತು.